ಹಲಸಿ ವಾಹನ ಪ್ರವಾಸ: ದಾರಿ ಮತ್ತು ತಂಗುದಾಣ

ಹಲಸಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಊರು; ಆದಿ ಕದಂಬರ ಕಾಲದ ಪಲಾಶಿಕಾ ಇದೇ. ಬೆಳಗಾವಿಯಿಂದ ಸುಮಾರು 40 ಕಿ.ಮೀ. ದೂರವಿದೆ. ಕ್ಯಾರವಾನ್ ಅಥವಾ ಟೆಂಪೊ ಟ್ರಾವೆಲರ್‌ನಲ್ಲಿ ಪುಣೆ, ಬೆಂಗಳೂರು, ಗೋವಾಗಳ ನಡುವೆ ಓಡಾಡುವವರಿಗೆ ಇದು ಹೆದ್ದಾರಿಯಿಂದ ತುಸು ಒಳಗಿರುವ ನಿಲ್ದಾಣ.

ಬೆಳಗಾವಿಯಿಂದ ಬರುವವರು ಗೋವಾ ಕಡೆಯ ರಾಷ್ಟ್ರೀಯ ಹೆದ್ದಾರಿ 748 ಹಿಡಿದು ಖಾನಾಪುರ ತಲುಪಿ, ನಂದಗಡದ ಮೇಲೆ ಹಲಸಿಗೆ ತಿರುಗುತ್ತಾರೆ. ಧಾರವಾಡದ ಕಡೆಯಿಂದ ಹೆದ್ದಾರಿ 48ರಲ್ಲಿ ಬರುವವರಿಗೆ ಕಿತ್ತೂರು ದಾರಿಯಲ್ಲೇ ಸಿಗುತ್ತದೆ. ಕೋಟೆ ನೋಡಿಕೊಂಡು ಒಳರಸ್ತೆ ಹಿಡಿಯಬಹುದು. ನಂದಗಡದಲ್ಲಿ ಇಳಿಯದೆ ಮುಂದೆ ಹೋಗುವುದು ಸರಿಯಲ್ಲ: 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಇಲ್ಲಿಯೇ.

ಹಲಸಿಯಲ್ಲಿ ಮುಖ್ಯವಾದದ್ದು ಗೋವಾ ಕದಂಬರ ಕಾಲದ, 12ನೆಯ ಶತಮಾನದ ಭೂವರಾಹ ನರಸಿಂಹ ದೇವಾಲಯ. ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ನಡುವಿನ ಮಂಟಪದಲ್ಲಿ ನಿಂತರೆ ಒಂದು ಕಡೆ ವರಾಹ, ತಿರುಗಿದರೆ ನರಸಿಂಹ. ಅರ್ಧ ಗಂಟೆಯ ಭೇಟಿ ಎಂದು ಲೆಕ್ಕ ಹಾಕಿದವರ ಯೋಜನೆ ಇಲ್ಲಿ ಕೆಡುತ್ತದೆ. ಹಳೆಯ ಜೈನ ಬಸದಿ, ಸುವರ್ಣೇಶ್ವರ ಗುಡಿಗಳೂ ಇರುವುದರಿಂದ ಅರ್ಧ ದಿನವನ್ನೇ ಮೀಸಲಿಡಬೇಕು.

ದೊಡ್ಡ ವಾಹನವನ್ನು ಊರಂಚಿನಲ್ಲೇ ನಿಲ್ಲಿಸಿ ನಡೆಯುವುದು ಜಾಣತನ. ಡೀಸೆಲ್, ಕುಡಿಯುವ ನೀರು, ರಾತ್ರಿಯ ವಸತಿಗೆ ಬೆಳಗಾವಿ ಅಥವಾ ಖಾನಾಪುರವನ್ನೇ ನಂಬಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾನಾಪುರ ಸೀಮೆಯಲ್ಲಿ ಮಳೆ ಜೋರು. ಮುಂದೆ ಗೋವಾ ಕಡೆಗೆ ಅನಮೋಡ ಅಥವಾ ಚೋರ್ಲಾ ಘಾಟಿ ಇಳಿಯುವವರು ಹೊರಡುವ ಮುನ್ನ ರಸ್ತೆಯ ಸ್ಥಿತಿ ವಿಚಾರಿಸಿ, ಹಗಲಿನಲ್ಲೇ ಘಾಟಿ ದಾಟಬೇಕು.