ನೀತಿ ಹೇಳದ ಪ್ರಾಣಿಕಥೆಗಳು: ಡೆನ್ಮಾರ್ಕಿನ ಕಾರ್ಲ್ ಎವಾಲ್ಡ್

ಡೆನ್ಮಾರ್ಕಿನ ಕಥೆಗಾರನೆಂದೊಡನೆ ನಮ್ಮ ನೆನಪಿಗೆ ಬರುವವನು ಹ್ಯಾನ್ಸ್ ಆಂಡರ್‌ಸನ್. ಆತನ ಕೀರ್ತಿಯ ನೆರಳಿನಲ್ಲಿ ಮರೆಯಾದ ಇನ್ನೊಬ್ಬನಿದ್ದಾನೆ. ಅವನೇ ಕಾರ್ಲ್ ಎವಾಲ್ಡ್.

ಎವಾಲ್ಡ್ ಹುಟ್ಟಿದುದು 1856ರಲ್ಲಿ, ಶ್ಲೆಸ್‌ವಿಗ್ ಸೀಮೆಯ ಗ್ರಾಮ್ ಎಂಬ ಊರಿನ ಬಳಿ. ತಂದೆ ಚಾರಿತ್ರಿಕ ಕಾದಂಬರಿಗಳನ್ನು ಬರೆದ ಹೆರ್ಮನ್ ಎವಾಲ್ಡ್. 1864ರ ಯುದ್ಧದಲ್ಲಿ ಆ ಸೀಮೆ ಡೆನ್ಮಾರ್ಕಿನ ಕೈತಪ್ಪಿತು. ಕುಟುಂಬವು ಮನೆಮಠ ಬಿಟ್ಟು ಹೊರಡಬೇಕಾಯಿತು. ಬೆಳೆದ ಹುಡುಗ ಅರಣ್ಯವಿದ್ಯೆಯನ್ನು ಕಲಿಯತೊಡಗಿದನಾದರೂ ಅನಾರೋಗ್ಯದಿಂದ ಅದನ್ನು ಕೈಬಿಟ್ಟು ಕೋಪನ್‌ಹೇಗನ್ ನಗರವನ್ನು ಸೇರಿದ. ಉಪಾಧ್ಯಾಯನಾದ, ಪಠ್ಯಪುಸ್ತಕಗಳನ್ನು ಬರೆದ. ಕಾಡು ಕೈಬಿಟ್ಟರೂ ಕಣ್ಣಿನಿಂದ ಹೋಗಲಿಲ್ಲ.

ಆ ಕಾಲಕ್ಕೆ ಡಾರ್ವಿನ್ನನ ವಿಚಾರಗಳು ಡೆನ್ಮಾರ್ಕನ್ನು ಮುಟ್ಟಿದ್ದುವು. ಕಾದಂಬರಿಕಾರ ಯಾಕೋಬ್ಸನ್ ಡಾರ್ವಿನ್ನನ ಮುಖ್ಯಗ್ರಂಥವನ್ನು ಡೇನಿಷ್ ಭಾಷೆಗೆ ತಂದಿದ್ದ. ಆ ವಿಚಾರಗಳನ್ನು ಮಕ್ಕಳ ಕಥೆಯೊಳಕ್ಕೆ ತಂದವನು ಎವಾಲ್ಡ್. ನಮ್ಮ ಪಂಚತಂತ್ರದ ನರಿ, ಸಿಂಹಗಳು ವೇಷ ತೊಟ್ಟ ಮನುಷ್ಯರು. ಅವು ಮಾತನಾಡುವುದು ರಾಜನೀತಿಯನ್ನು. ಎವಾಲ್ಡನ ಪ್ರಾಣಿಗಳೂ ಮಾತನಾಡುತ್ತವೆ, ಆದರೆ ತಮ್ಮ ಹಸಿವಿನ ಮಾತನ್ನು. ಅವನ ಸರೋವರದ ಕಥೆಯಲ್ಲಿ ಜೊಂಡಿನ ನಡುವೆ ಗೂಡುಕಟ್ಟಿದ ಹಕ್ಕಿಗಳಿವೆ. ಜೇಡವಿದೆ, ಹಾವುಮೀನಿದೆ, ಕೀಟಗಳನ್ನು ಹಿಡಿದುಣ್ಣುವ ಗಿಡವೂ ಇದೆ. ಒಂದರ ಬಾಳು ಇನ್ನೊಂದರ ಸಾವು. ಇಲ್ಲಿ ದುಷ್ಟನಿಲ್ಲ, ಶಿಕ್ಷೆಯೂ ಇಲ್ಲ. 'ಎರಡು ಕಾಲಿನವ' ಎಂಬ ಕಥೆಯಲ್ಲಿ, ಮೈಮೇಲೆ ರೋಮವಿಲ್ಲದ ಬಡಪ್ರಾಣಿಯಾದ ಮನುಷ್ಯ ಬಂದು ಎತ್ತು, ಕುದುರೆ, ನಾಯಿಗಳನ್ನು ಆಳಾಗಿಸಿಕೊಂಡು ಕಡೆಗೆ ಗಾಳಿಯನ್ನೂ ಹಬೆಯನ್ನೂ ದುಡಿಸಿಕೊಳ್ಳುತ್ತಾನೆ. ಮಾನವಚರಿತ್ರೆಯನ್ನು ಮೃಗಗಳ ಕಡೆಯಿಂದ ನೋಡಿದ ಕಥೆಯಿದು.

ಎಳೆಯರಿಗೆ ಇದು ಕಠೋರವಲ್ಲವೆ? ಹಾಗೆಂದು ಶಂಕಿಸುವುದು ಸಹಜ. ಆದರೆ ದೀಪದ ಬಳಿ ಹಲ್ಲಿ ಹುಳುವನ್ನು ಹಿಡಿಯುವುದನ್ನು ಮಗು ದಿನವೂ ಕಾಣುತ್ತದೆ. 'ಏಕೆ' ಎಂದು ಕೇಳುತ್ತದೆ. ನಾವು ಮಾತು ಮರೆಸುತ್ತೇವೆ. ಎವಾಲ್ಡ್ ಮರೆಸಲಿಲ್ಲ. ತಂದೆಯೊಬ್ಬ ಪುಟ್ಟ ಮಗನೊಡನೆ ಬಾಳಿದ ಬಗೆಯನ್ನು ಹೇಳುವ 'ನನ್ನ ಪುಟ್ಟ ಹುಡುಗ' (1899) ಎಂಬ ಅವನ ಪುಸ್ತಕದಲ್ಲಿಯೂ ಮಗುವಿನೊಡನೆ ಸತ್ಯವನ್ನಾಡುವ ಇದೇ ನಿಷ್ಠೆಯಿದೆ. ಹಳೆಯ ಕಥೆಗಳನ್ನು ಅವನು ತಿರಸ್ಕರಿಸಿದವನೂ ಅಲ್ಲ. ಗ್ರಿಮ್ ಸೋದರರ ಕಥೆಗಳನ್ನು ಡೇನಿಷ್ ಭಾಷೆಗೆ ತಂದವನೂ ಅವನೇ.

1908ರಲ್ಲಿ ಎವಾಲ್ಡ್ ತೀರಿಕೊಂಡ. ಅವನು ಹುಟ್ಟಿದ ನೆಲ 1920ರಲ್ಲಿ ಜನಮತದಿಂದ ಡೆನ್ಮಾರ್ಕಿಗೆ ಮರಳಿತು. ಅದನ್ನು ಕಾಣಲು ಅವನಿರಲಿಲ್ಲ. ಪ್ರಕೃತಿಯಲ್ಲಿ ನ್ಯಾಯವನ್ನು ಹುಡುಕಬೇಡಿ, ಅದನ್ನು ಕಣ್ತೆರೆದು ನೋಡಿ ಎಂಬುದೇ ಅವನ ಕಥೆಗಳ ಸಾರ. ನ್ಯಾಯವು ಬೇಕೆಂದರೆ ಅದನ್ನು ಎರಡು ಕಾಲಿನವನೇ ಕಟ್ಟಿಕೊಳ್ಳಬೇಕು.