ಬಸರಾಳಿನ ಶಾಸನವೂ ಓದಲಾಗದ ಪಿಡಿಎಫ್ಫೂ

ಬಸರಾಳು ಗೊತ್ತಾ ನಿಮಗೆ? ಮಂಡ್ಯದಿಂದ ನಾಗಮಂಗಲದ ಕಡೆ ಹೋಗುವಾಗ ಸಿಗುವ ಹೋಬಳಿ ಊರು. ಬೇಲೂರು ಹಳೇಬೀಡಿಗೆ ಬಸ್ಸು ಮಾಡಿಕೊಂಡು ಹೋಗುವವರು ಇತ್ತ ತಲೆ ಹಾಕೋದಿಲ್ಲ. ಅಪ್ಪಿತಪ್ಪಿ ಬಂದವರು ಮಲ್ಲಿಕಾರ್ಜುನನ ಗುಡಿ ನೋಡಿ "ಇಂಥದ್ದೊಂದು ಇದೆ ಅಂತ ಯಾರೂ ಹೇಳಲೇ ಇಲ್ವಲ್ಲ" ಅಂತಾರೆ. ಹೊಯ್ಸಳರ ಇಮ್ಮಡಿ ವೀರನರಸಿಂಹನ ಕಾಲದಲ್ಲಿ, 1234ರ ಸುಮಾರಿಗೆ, ಹರಿಹರ ದಣ್ಣಾಯಕ ಕಟ್ಟಿಸಿದ ತ್ರಿಕೂಟ ಗುಡಿ ಅದು. ಶಿಲ್ಪಗಳ ಬಗ್ಗೆ ಬರೆಯಲು ಕೂತರೆ ಇವತ್ತಿಗೆ ಮುಗಿಯಲ್ಲ, ಅದು ಇನ್ನೊಂದು ದಿನಕ್ಕಿರಲಿ. ನಾನು ಹೇಳಹೊರಟಿದ್ದು ಅಲ್ಲಿನ ಶಾಸನದ ನೆಪದಲ್ಲಿ ಬೇರೆಯೇ ಒಂದು ಕಥೆ.

ಶಾಸನದ ಅಕ್ಷರ ನಮ್ಮದೇ ಕನ್ನಡ. ಆದರೂ ನಿಂತು ಓದಿ ನೋಡಿ, ನಾಲ್ಕು ಅಕ್ಷರ ದಾಟೋದು ಕಷ್ಟ. ಏಳ್ನೂರ ತೊಂಬತ್ತು ವರ್ಷದಲ್ಲಿ ಅಕ್ಷರದ ಆಕಾರ ಬದಲಾಗಿದೆ. ನಮ್ಮಂಥವರು ಮಂಡ್ಯ ಸೀಮೆಯ ಶಾಸನಗಳನ್ನು ಓದುವಂತಾಗಿದ್ದು ಬಿ. ಎಲ್. ರೈಸ್ ಅವರಿಂದ. ಅವರ ಎಪಿಗ್ರಾಫಿಯಾ ಕರ್ನಾಟಿಕಾದ 3ನೇ ಸಂಪುಟ 1894ರಲ್ಲಿ ಬಂತು, ಮಂಡ್ಯ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಅವರು ಮಾಡಿದ ಕೆಲಸವನ್ನು ನಮ್ಮ ಭಾಷೆಯಲ್ಲಿ ಹೇಳೋದಾದರೆ, ಕಲ್ಲಿನ ಮೇಲಿದ್ದ ಆಕಾರವನ್ನು ನೋಡಿ "ಇದು ಕ, ಇದು ನ" ಅಂತ ಗುರುತಿಸಿ ಅಚ್ಚಿನ ಮೊಳೆಗೆ ಇಳಿಸಿದ್ದು. ಆಕಾರ ಬೇರೆ, ಅಕ್ಷರ ಬೇರೆ. ಕಣ್ಣಿರುವವರಿಗೆ ಈ ವ್ಯತ್ಯಾಸ ಗೊತ್ತಾಗೋದೇ ಇಲ್ಲ. ಕಣ್ಣು ಕಾಣದವರು ಓದಲು ಬಂದಾಗ ಮಾತ್ರ ಅದು ಎದುರಿಗೆ ಬಂದು ನಿಲ್ಲುತ್ತೆ.

ಈ ಪಾಠ ಜಗತ್ತಿಗೆ ಮೊದಲು ಸಿಕ್ಕಿದ್ದು ಪ್ಯಾರಿಸ್ಸಿನಲ್ಲಿ. ವ್ಯಾಲಂಟೈನ್ ಹಾಯ್ ಅನ್ನುವವರು 18ನೇ ಶತಮಾನದ ಕೊನೆಯಲ್ಲಿ ಅಂಧ ಮಕ್ಕಳಿಗೆ ಶಾಲೆ ತೆರೆದು, ಮಾಮೂಲಿ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಿಸಿ ಪುಸ್ತಕ ಮಾಡಿಸಿದರು. ಒಳ್ಳೇ ಮನಸ್ಸು, ಆದರೆ ಬೆರಳಿಗೆ ಆ ತಿರುವುಗಳನ್ನು ಸವರಿ ಗುರುತಿಸೋದು ಮಹಾ ನಿಧಾನ. ಬರೆಯುವುದಂತೂ ಸಾಧ್ಯವೇ ಇರಲಿಲ್ಲ. ಅದೇ ಶಾಲೆಯ ಹುಡುಗ ಲೂಯಿ ಬ್ರೈಲ್ ಆಕಾರವನ್ನೇ ಬಿಟ್ಟುಬಿಟ್ಟ. ಆರು ಚುಕ್ಕಿ ಇಟ್ಟುಕೊಂಡು, ಯಾವ ಚುಕ್ಕಿ ಎದ್ದಿದೆ ಅನ್ನೋದೇ ಅಕ್ಷರ ಅಂದ. 1829ರಲ್ಲಿ ಪುಸ್ತಕವೂ ಬಂತು. ಆದರೆ ಕಣ್ಣಿದ್ದ ಮೇಷ್ಟ್ರುಗಳಿಗೆ ಅದು ಹಿಡಿಸಲಿಲ್ಲ, ಯಾಕಂದ್ರೆ ಅವರಿಗೆ ಅದು ಓದಲು ಬರುತ್ತಿರಲಿಲ್ಲ! ಅವನ ಸ್ವಂತ ಶಾಲೆಯೇ ಅದನ್ನು ಅಧಿಕೃತವಾಗಿ ಒಪ್ಪಿಕೊಂಡಿದ್ದು 1854ರಲ್ಲಿ, ಅವನು ಸತ್ತು ಎರಡು ವರ್ಷವಾದ ಮೇಲೆ.

ನಮ್ಮ ದೇಶದಲ್ಲಿ ಮೊದಲ ಅಂಧರ ಶಾಲೆ 1887ರಲ್ಲಿ ಅಮೃತಸರದಲ್ಲಿ ಶುರುವಾಯಿತು. ಮೈಸೂರಿನಲ್ಲಿ 1901ರಲ್ಲೇ ಎಂ. ಶ್ರೀನಿವಾಸರಾಯರು ಅಂಧ ಮತ್ತು ಕಿವುಡ ಮಕ್ಕಳಿಗೆ ಶಾಲೆ ಆರಂಭಿಸಿದರು. ನಮ್ಮ ಮಂಡ್ಯದ ಕಡೆಯವರಿಗೆ ಹತ್ತಿರವಾಗಿದ್ದೂ ಅದೇ. ಅತ್ತ ಗದುಗಿನಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಕಿವಿಯಿಂದಲೇ ವಿದ್ಯೆ ದಾಟಿಸಿದ್ದು ನಿಮಗೆಲ್ಲ ಗೊತ್ತೇ ಇದೆ.

ಬ್ರೈಲ್ ಬಂತು ಅಂದಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. ಭಾರತದಲ್ಲಿ ಪ್ರಾಂತ್ಯಕ್ಕೊಂದು ಬ್ರೈಲ್ ಹುಟ್ಟಿಕೊಂಡಿತ್ತು. ಸ್ವಾತಂತ್ರ್ಯದ ನಂತರ, ಯುನೆಸ್ಕೋ ಕೂಡ ಕೈಜೋಡಿಸಿ, 1951ರಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಒಂದೇ "ಭಾರತಿ ಬ್ರೈಲ್" ನಿಕ್ಕಿ ಆಯಿತು. ಇದರ ಸೊಗಸು ಏನು ಗೊತ್ತಾ? ಕನ್ನಡದ ಕ, ಹಿಂದಿಯ ಕ, ಬಂಗಾಳಿಯ ಕ, ಎಲ್ಲಕ್ಕೂ ಒಂದೇ ಗುರುತು, 1 ಮತ್ತು 3ನೇ ಚುಕ್ಕಿ. ಕಾಗದದ ಮೇಲೆ ಈ ಮೂರು ಕಕಾರಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತೆ, ಆದರೆ ಬ್ರೈಲ್ ಸಮಿತಿಯವರು ಆಕಾರಕ್ಕೆ ಮರುಳಾಗದೆ ಉಚ್ಚಾರಣೆ ಹಿಡಿದರು. ಒತ್ತಕ್ಷರಕ್ಕೂ ಬೇರೆ ಚಿತ್ರ ಇಲ್ಲ. "ಕನ್ನಡ" ಅನ್ನೋಕೆ ಕ, ಹಲಂತದ ಗುರುತು, ನ, ನ, ಡ, ಒಟ್ಟು ಐದು ಗುರುತು.

ಈ ಐದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ಕಂಪ್ಯೂಟರಿಗೆ ಬರೋಣ. 1988ರಲ್ಲಿ ಭಾರತೀಯ ಭಾಷೆಗಳಿಗೆ ಇಸ್ಕಿ ಅನ್ನುವ ಸಂಕೇತ ಪದ್ಧತಿ ರೂಪುಗೊಂಡು, 1991ರಲ್ಲಿ ಭಾರತೀಯ ಮಾನಕವಾಯಿತು. ಅಲ್ಲೂ ಅದೇ ಉಪಾಯ, ಎಲ್ಲ ಲಿಪಿಯ ಕಕಾರಕ್ಕೂ ಒಂದೇ ಸಂಖ್ಯೆ. 1991ರಲ್ಲೇ ಬಂದ ಯುನಿಕೋಡ್ ನಮ್ಮ ಲಿಪಿಗಳನ್ನು ಜೋಡಿಸಿದ್ದು ಇಸ್ಕಿಯ ಕ್ರಮದಲ್ಲೇ, ಆದರೆ ಪ್ರತಿ ಲಿಪಿಗೂ 128 ಮನೆಯ ಬೇರೆ ಬೇರೆ ಕೇರಿ ಕೊಟ್ಟಿತು. ಯುನಿಕೋಡಿನಲ್ಲಿ "ಕನ್ನಡ" ಅಂದರೆ ಕ, ನ, ಹಲಂತ, ನ, ಡ. ಎಣಿಸಿ, ಐದು! ಹಲಂತದ ಜಾಗ ಒಂದು ಹೆಜ್ಜೆ ಆಚೀಚೆ ಬಿಟ್ಟರೆ 1951ರ ಬ್ರೈಲ್ ಸಮಿತಿಯವರೂ ನಲವತ್ತು ವರ್ಷದ ನಂತರದ ಎಂಜಿನಿಯರುಗಳೂ ಒಂದೇ ಉತ್ತರಕ್ಕೆ ಬಂದಿದ್ದಾರೆ. ಎಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ ಅನ್ನೋದು ನನ್ನ ಕೊರಗು.

ಆದರೆ ನಾವು ಕನ್ನಡಿಗರು ಆ ದಾರಿ ಹಿಡಿಯಲು ಬಹಳ ವರ್ಷ ಬೇಕಾಯಿತು. ತಪ್ಪು ಯಾರದ್ದೂ ಅಲ್ಲ ಬಿಡಿ. ಆಗಿನ ವಿಂಡೋಸಿಗೆ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ, ಕನ್ನಡಕ್ಕೆ ಅದು ಬಂದಿದ್ದು 2001ರ ಎಕ್ಸ್‌ಪಿಯಲ್ಲಿ. ಅಷ್ಟರಲ್ಲಿ ಕಚೇರಿ, ಮುದ್ರಣಾಲಯ, ಪತ್ರಿಕೆ ಎಲ್ಲಕ್ಕೂ ಕನ್ನಡ ಬೇಕಿತ್ತು. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು ಬಂದವು. ಬರಹ, ನುಡಿ ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಜನ ಕಂಪ್ಯೂಟರಿನಲ್ಲಿ ಕನ್ನಡವನ್ನೇ ನೋಡುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಒಳಗಡೆ ಏನಿತ್ತು ನೋಡಿ. ನುಡಿ ಫಾಂಟಿನಲ್ಲಿ "ಕನ್ನಡ" ಎಂದು ಟೈಪಿಸಿ ಫಾಂಟು ಬದಲಾಯಿಸಿದರೆ ಕಾಣೋದು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನರ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ನಿಮ್ಮಲ್ಲಿ ಹಳೆಯ ಬ್ಲಾಗಿಗರೆಲ್ಲ ಈ ಗೋಜಲನ್ನು ಒಮ್ಮೆಯಾದರೂ ನೋಡೇ ಇರುತ್ತೀರಿ. ನಾವು ಫಾಂಟು ಹಾಕಿಕೊಂಡು ಓದಿಬಿಡುತ್ತಿದ್ದೆವು. ಪರದೆ ಓದುವ ತಂತ್ರಾಂಶಕ್ಕೆ ಫಾಂಟಿನ ಹಂಗಿಲ್ಲ, ಅದು ಒಳಗಿರೋದನ್ನೇ ಓದುತ್ತೆ. "ಪಿ, ಎ, ಪೌಂಡ್, ಎ..."

ಅಂದರೆ ನಾವು ಮತ್ತೆ ಕಲ್ಲಿನ ಮೇಲೆ ಕೆತ್ತಿದ್ದೆವು. ಆಕಾರ ಇತ್ತು, ಅಕ್ಷರ ಇರಲಿಲ್ಲ.

ಇದು ಹಳೇ ಪುರಾಣ ಅಂತ ಬಿಡೋ ಹಾಗಿಲ್ಲ. ನಮ್ಮ ಸೋದರತ್ತೆ ಮಗನೊಬ್ಬನಿಗೆ ಹುಟ್ಟಿನಿಂದ ಕಣ್ಣು ಕಾಣಲ್ಲ. ಡಿಗ್ರಿ ಮುಗಿಸಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಾನೆ. ಹೋದ ವರ್ಷ ಒಂದು ಆನ್‌ಲೈನ್ ತರಬೇತಿಗೆ ದುಡ್ಡು ಕಟ್ಟಿ ಸೇರಿದ. ಕರ್ನಾಟಕ ಇತಿಹಾಸದ ನೋಟ್ಸ್ ಪಿಡಿಎಫ್ ಬಂತು. ನನಗೆ ಫೋನು ಮಾಡಿ "ಅಣ್ಣ, ಹೊಯ್ಸಳರ ಪಾಠ ಅಂತೆ ಕಣಣ್ಣ, ಇದು ಬರೀ ಇಂಗ್ಲೀಸು ಒದರ್ತದೆ, ಅದೂ ಅರ್ಥ ಇಲ್ದಿದ್ದು" ಅಂದ. ತೆಗೆದು ನೋಡಿದರೆ ಅರ್ಧ ಪುಟಗಳು ನುಡಿ ಫಾಂಟಿನವು, ಇನ್ನರ್ಧ ಯಾವುದೋ ಪುಸ್ತಕದ ಫೋಟೋಗಳು. ಬಸರಾಳು ಹೋಬಳಿಯ ಹುಡುಗ, ಗುಡಿ ಇರೋದು ಅವನ ಊರಿಂದ ಸೈಕಲ್ ದೂರದಲ್ಲಿ, ಆದರೆ ಅದನ್ನು ಕಟ್ಟಿಸಿದವನ ಹೆಸರು ಅವನ ಪಾಲಿಗೆ ಪೌಂಡು ಚಿಹ್ನೆಗಳ ಹಿಂದೆ ಅಡಗಿ ಕೂತಿತ್ತು. ಪರೀಕ್ಷೆಗೆ ಆರು ವಾರ ಇತ್ತು.

ಈಗ ಉಳಿದ ಇತಿಹಾಸ. ಕಣ್ಣು ಕಾಣದವರಿಗೆ ಓದಿ ಹೇಳುವ ಇಂಗ್ಲಿಷ್ ತಂತ್ರಾಂಶ ಬಹಳ ಹಿಂದೆಯೇ ಇತ್ತು, ಆದರೆ ಬೆಲೆ ನಮ್ಮ ಕೈಗೆಟುಕುವಂಥದ್ದಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ದೃಷ್ಟಿಹೀನ ಯುವಕ ಎನ್‌ವಿಡಿಎ ಬರೆಯಲು ಶುರು ಮಾಡಿದರು, ಜೇಮ್ಸ್ ಟೇ ಜೊತೆಯಾದರು. ಉಚಿತ, ಮುಕ್ತ. ಅದರ ಜೊತೆ ಬರುವ ಧ್ವನಿ ಜೊನಾಥನ್ ಡಡಿಂಗ್ಟನ್ ಅವರ ಇ-ಸ್ಪೀಕ್. ಸ್ವಯಂಸೇವಕರ ಶ್ರಮದಿಂದ ಇ-ಸ್ಪೀಕಿಗೆ ಕನ್ನಡವೂ ಬಂತು. ಆ ಧ್ವನಿ ಕೇಳಿದರೆ ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗಿರುತ್ತೆ, ನಿಜ. ಆದರೆ ಮೊದಲ ಸಲ ಒಬ್ಬರ ಸಹಾಯವಿಲ್ಲದೆ ಕನ್ನಡ ಪುಟ ಓದಿದವರಿಗೆ ಅದು ಗೌಣ. ಆಮೇಲೆ ಆಂಡ್ರಾಯ್ಡ್ ಫೋನುಗಳಿಗೂ ಕನ್ನಡ ಧ್ವನಿ ಬಂತು.

ತಮಾಷೆಯೆಂದರೆ ಈ ತಂತ್ರಾಂಶ ಬರುವ ಹೊತ್ತಿಗೆ ಅದಕ್ಕೆ ಓದಲು ಕನ್ನಡ ಸಿದ್ಧವಾಗಿತ್ತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ, 2005ರ ಸಂಪದ, ಆಮೇಲೆ ನೂರಾರು ಬ್ಲಾಗುಗಳು, ಎಲ್ಲವೂ ಯುನಿಕೋಡಿನಲ್ಲಿ. ಆಗ ಬರೆದವರಲ್ಲಿ ಯಾರೂ ಅಂಧರನ್ನು ಮನಸ್ಸಿನಲ್ಲಿಟ್ಟುಕೊಂಡು ಯುನಿಕೋಡ್ ಹಿಡಿದಿದ್ದಲ್ಲ, ಗೂಗಲ್ಲಿನಲ್ಲಿ ಹುಡುಕಿದರೆ ಸಿಗಲಿ ಅಂತ ಹಿಡಿದಿದ್ದು. ಹುಡುಕುವ ಯಂತ್ರಕ್ಕೂ ಕಣ್ಣಿಲ್ಲ ನೋಡಿ! ಕುರುಡು ಯಂತ್ರಕ್ಕೆ ತೆರೆದ ಬಾಗಿಲಲ್ಲಿ ಕಣ್ಣು ಕಾಣದ ಮನುಷ್ಯರೂ ಒಳಗೆ ಬಂದರು.

ಪುಸ್ತಕಗಳದ್ದು ಬೇರೆ ತೊಡಕು. ಸ್ಕ್ಯಾನ್ ಮಾಡಿಟ್ಟ ಸಾವಿರಾರು ಕನ್ನಡ ಪುಸ್ತಕಗಳು ಬರೀ ಚಿತ್ರಗಳು. ರೈಸ್ ಕಲ್ಲಿಗೆ ಮಾಡಿದ್ದನ್ನು ಇಲ್ಲಿ ಯಂತ್ರ ಮಾಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ತಂಡ "ಲಿಪಿ ಜ್ಞಾನಿ" ಅನ್ನುವ ಕನ್ನಡ ಓಸಿಆರ್ ಮಾಡಿತು, ಅದರಿಂದ ಕನ್ನಡ ಪುಸ್ತಕಗಳು ಬ್ರೈಲಿಗೂ ಹೋದವು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿಯಾಗಿ, ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕ ಬದಲಾಯಿಸಲು ದಾರಿ ಸಿಕ್ಕಿತು. ಮರುವರ್ಷದ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅಂಗೀಕರಿಸಿದ ದೇಶ ನಮ್ಮದೇ.

ವಿಡಿಯೋ ಪಾಠಗಳ ಮಾತು ಚೂರು ಕಹಿ. ಎನ್‌ಪಿಟಿಇಎಲ್, 2017ರ ಸ್ವಯಂ, 2020ರಲ್ಲಿ ಶಾಲೆ ಮುಚ್ಚಿದಾಗ ಚಂದನದಲ್ಲಿ ಬಂದ ಪಾಠಗಳು, ಹೀಗೆ ಕ್ಲಾಸು ಪರದೆಗೆ ಬಂತು. ಯೂಟ್ಯೂಬಿನಲ್ಲಿ ಸಿಗುವ ಗಣಿತದ ಪಾಠ ಯಾವುದನ್ನಾದರೂ ಕಣ್ಣು ಮುಚ್ಚಿ ಕೇಳಿ: "ಇದನ್ನ ಇಲ್ಲಿಗೆ ತಂದ್ರೆ, ಇದು ಕ್ಯಾನ್ಸಲ್ ಆಗಿ, ಇಷ್ಟು ಬರುತ್ತೆ, ಗೊತ್ತಾಯ್ತಾ?" ಏನು ಗೊತ್ತಾಗಬೇಕು ಹೇಳಿ. ಧ್ವನಿ ಮುಚ್ಚಿ ನೋಡಿದರೆ ಕಿವುಡ ಮಕ್ಕಳ ಪಾಡು ಅರ್ಥವಾಗುತ್ತೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ ಅಡಿಬರಹ ಸೇರಿಸುವ ಖರ್ಚಿಗೆ ಹೆದರಿ 2017ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಉಚಿತ ಪಾಠಗಳನ್ನು ಸಾರ್ವಜನಿಕರಿಂದ ಮುಚ್ಚಿಟ್ಟಿತು. ಆಗ ಬೈಗುಳ ಬಿದ್ದಿದ್ದು ದೂರು ಕೊಟ್ಟ ಕಿವುಡರ ಮೇಲೆ! 2022ರಲ್ಲಿ ಕೊನೆಗೂ ಅಲ್ಲಿನ ಸರ್ಕಾರದ ಜೊತೆ ರಾಜಿಯಾಗಿ ಸರಿಪಡಿಸಲು ಒಪ್ಪಿತು.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಂ ಇದನ್ನೆಲ್ಲ ಹೇಳುತ್ತೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಸುಗಮ್ಯತೆಯ ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಅಂದಿತು. 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಡಿಜಿಟಲ್ ಪ್ರವೇಶವನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಸೇರಿಸಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಆದರೆ ತೀರ್ಪು ಪಿಡಿಎಫ್ ಒಳಗೆ ಹೋಗಿ ಅಕ್ಷರ ಬದಲಾಯಿಸಲ್ಲವಲ್ಲ.

ಆ ಆರು ವಾರದಲ್ಲಿ ಮಾಡಿದ್ದಿಷ್ಟು. ನುಡಿ ಪುಟಗಳನ್ನು ಪರಿವರ್ತಕಕ್ಕೆ ಹಾಕಿದೆ, ಫೋಟೋ ಪುಟಗಳನ್ನು ಓಸಿಆರಿಗೆ. ಅರ್ಕಾವತ್ತು ಇರುವಲ್ಲೆಲ್ಲ ಎಡವಟ್ಟು, "ಧರ್ಮ" ಒಂದೊಂದು ಕಡೆ ಒಂದೊಂದು ಥರ. ಇಸವಿಗಳ ಕೋಷ್ಟಕ ಚೆಲ್ಲಾಪಿಲ್ಲಿ, ಅದನ್ನು ಸಾಲು ಸಾಲಾಗಿ ವಾಕ್ಯ ಮಾಡಿ ಬರೆದೆ. ತಲೆಬರಹಗಳಿಗೆ ಬರೀ ದಪ್ಪಕ್ಷರ ಸಾಲದು, ಶೀರ್ಷಿಕೆ ಅಂತಲೇ ಗುರುತು ಹಾಕಬೇಕು, ಆಗಲೇ ಫೋನಿನಲ್ಲಿ ಒಂದು ಪಾಠದಿಂದ ಇನ್ನೊಂದಕ್ಕೆ ಹಾರಬಹುದು. ನಕ್ಷೆಗಳಿಗೆ ವಿವರಣೆ ಬರೆಯೋದೇ ಅತಿ ನಿಧಾನದ ಕೆಲಸ, ಇನ್ನೂ ಹನ್ನೊಂದು ನಕ್ಷೆ ಬಾಕಿ ಇವೆ. ಇತಿಹಾಸ ಚೆನ್ನಾಗಿ ಗೊತ್ತಿರುವವರು ಯಾರಾದರೂ ಹೊಯ್ಸಳರ ರಾಜ್ಯದ ನಕ್ಷೆಯೊಂದನ್ನು ನಾಲ್ಕೈದು ಸಾಲಿನಲ್ಲಿ ಬಾಯಿಮಾತಿನ ಹಾಗೆ ಬರೆದುಕೊಡ್ತೀರಾ? ಯುನಿಕೋಡಿನಲ್ಲಿ ಕಳಿಸಿ ಅಂತ ನಿಮಗೆ ಹೇಳಬೇಕಿಲ್ಲ :-)