ಪುರೋಹಿತನಿಲ್ಲದ ವಿವಾಹ: ಕ್ವೇಕರರ ಪದ್ಧತಿಯೂ ಮದರಾಸಿನ ಶಾಸನವೂ

ವಿವಾಹವನ್ನು ವಿವಾಹವನ್ನಾಗಿ ಮಾಡುವುದು ಯಾವುದು? ಮಂತ್ರವೆ, ಅಗ್ನಿಯೆ, ಪುರೋಹಿತನೆ, ಅಥವಾ ವಧೂವರರ ಮಾತೆ? ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿಯೂ ಇಪ್ಪತ್ತನೆಯ ಶತಮಾನದ ಮದರಾಸಿನಲ್ಲಿಯೂ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೇರಿತು. ಆ ಎರಡು ನಾಡುಗಳು ಕೊಟ್ಟ ಉತ್ತರಗಳನ್ನು ಹೋಲಿಸಿ ನೋಡುವುದು ಈ ನಗರದಲ್ಲಿ ನೆಲೆಸಿದ ಕನ್ನಡಿಗರಿಗೆ ಬರಿಯ ಕುತೂಹಲದ ವಿಷಯವಲ್ಲ.

ಜಾರ್ಜ್ ಫಾಕ್ಸನ ಅನುಯಾಯಿಗಳಾದ ಕ್ವೇಕರರು ವಿವಾಹವು ದೈವದ ಕಾರ್ಯವೆಂದೂ ಮನುಷ್ಯರು ಅದಕ್ಕೆ ಸಾಕ್ಷಿಗಳು ಮಾತ್ರವೆಂದೂ ನಂಬಿದರು. ಆದರೆ ಪುರೋಹಿತನನ್ನು ಬಿಟ್ಟವರು ಕ್ರಮವನ್ನು ಬಿಡಲಿಲ್ಲ. ವಧೂವರರು ತಮ್ಮ ಸಂಕಲ್ಪವನ್ನು ಮಾಸಿಕ ಸಭೆಗೆ ಮೊದಲೇ ತಿಳಿಸಬೇಕು. ಇಬ್ಬರೂ ಅನ್ಯ ಬಂಧನಗಳಿಂದ ಮುಕ್ತರೇ ಎಂಬುದನ್ನು ಸಭೆಯು ವಿಚಾರಿಸಬೇಕು. ವಿವಾಹದ ದಿನ ಮೌನಸಭೆಯ ನಡುವೆ ಅವರು ಎದ್ದುನಿಂತು, ಕೈಹಿಡಿದು, ಒಬ್ಬರನ್ನೊಬ್ಬರು ಸ್ವೀಕರಿಸುವ ಮಾತನ್ನಾಡುತ್ತಾರೆ. ಬಳಿಕ ನೆರೆದವರೆಲ್ಲರೂ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಾರೆ. ಇಂಥ ವಿವಾಹವು ಸಿಂಧುವೆಂದು 1661ರಲ್ಲಿ ನಾಟಿಂಗ್‌ಹ್ಯಾಮಿನ ನ್ಯಾಯಸಭೆ ಎತ್ತಿಹಿಡಿಯಿತು. 1669ರಲ್ಲಿ ಫಾಕ್ಸನೂ ಮಾರ್ಗರೆಟ್ ಫೆಲ್ಲಳೂ ಬ್ರಿಸ್ಟಲಿನಲ್ಲಿ ಇದೇ ಕ್ರಮದಿಂದ ಸತಿಪತಿಗಳಾದರು. ಇಗರ್ಜಿಯ ವಿಧಿಯನ್ನು ಕಡ್ಡಾಯಗೊಳಿಸಿದ 1753ರ ಹಾರ್ಡ್‌ವಿಕ್ ಶಾಸನವು ಕ್ವೇಕರರಿಗೂ ಯೆಹೂದ್ಯರಿಗೂ ವಿನಾಯಿತಿಯನ್ನಿತ್ತಿತು.

ಇನ್ನು ಮದರಾಸಿನ ಕಡೆಗೆ ಬರೋಣ. 1925ರಲ್ಲಿ ಸ್ವಾಭಿಮಾನ ಚಳವಳಿಯನ್ನು ಆರಂಭಿಸಿದ ಈರೋಡಿನ ಇ. ವಿ. ರಾಮಸ್ವಾಮಿಯವರು ಕನ್ನಡ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದವರು. ಕ್ವೇಕರರು ಪುರೋಹಿತನನ್ನು ಬಿಟ್ಟದ್ದು ದೇವರಿಗಾಗಿ. ಇವರು ಬಿಟ್ಟದ್ದು ಜಾತಿಯ ಶ್ರೇಣಿಯನ್ನೂ ಸ್ತ್ರೀಯ ಅಧೀನತೆಯನ್ನೂ ಅಳಿಸುವುದಕ್ಕಾಗಿ. ಕಾರಣ ಬೇರೆ, ಆಚರಣೆ ಸಮೀಪ. ಆದರೆ ಇಂಥ ವಿವಾಹಕ್ಕೆ ರೂಢಿಯ ಬಲವಿಲ್ಲವೆಂದು 1953ರಲ್ಲಿ ಮದರಾಸು ಉಚ್ಚನ್ಯಾಯಾಲಯವು ತೀರ್ಪಿತ್ತಾಗ, ಸಭೆಯೆದುರು ಮಾತುಕೊಟ್ಟು ಸಂಸಾರ ಹೂಡಿದ್ದ ಅನೇಕ ಸ್ತ್ರೀಯರ ಪತ್ನೀತ್ವವೂ ಅವರ ಮಕ್ಕಳ ದಾಯಭಾಗವೂ ಸಂಶಯಕ್ಕೊಳಗಾದವು.

ಅಣ್ಣಾದುರೈಯವರ ಸರ್ಕಾರವು 1967ರ 21ನೆಯ ಅಧಿನಿಯಮದಿಂದ ಹಿಂದೂ ವಿವಾಹ ಶಾಸನಕ್ಕೆ 7-ಎ ವಿಧಿಯನ್ನು ಸೇರಿಸಿತು. ಅದು 1968ರ ಜನವರಿ 20ರಂದು ಜಾರಿಗೆ ಬಂದಿತು. ಬಂಧುಮಿತ್ರರ ಅಥವಾ ಇತರರ ಸಮ್ಮುಖದಲ್ಲಿ, ಇಬ್ಬರಿಗೂ ತಿಳಿಯುವ ಯಾವುದೇ ಭಾಷೆಯಲ್ಲಿ ಪರಸ್ಪರ ಸ್ವೀಕಾರವನ್ನು ಘೋಷಿಸಿದರೆ ಸಾಕು. ಇಲ್ಲವೇ ಮಾಲೆ ಹಾಕಿದರೂ, ಉಂಗುರ ತೊಡಿಸಿದರೂ, ತಾಳಿ ಕಟ್ಟಿದರೂ ಸಾಕು. ಹಿಂದೆ ನಡೆದ ಇಂಥ ವಿವಾಹಗಳಿಗೂ ಸಿಂಧುತ್ವ ದೊರೆಯಿತು. ಇದಕ್ಕೆ ಬಹಿರಂಗ ಸಮಾರಂಭವೇ ಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಸ್ಪಷ್ಟಪಡಿಸಿದೆ.

ಆ ಶಾಸನಕ್ಕೆ ಒಂದು ವರ್ಷ ಮೊದಲು, 1966ರಲ್ಲಿ, ಕುವೆಂಪು ಅವರು ತಮ್ಮ ಪುತ್ರ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಕುಪ್ಪಳಿಯಲ್ಲಿ ಮಂತ್ರಮಾಂಗಲ್ಯ ಕ್ರಮದಿಂದ ನೆರವೇರಿಸಿದ್ದರು. ಅಲ್ಲಿ ಮಂತ್ರವುಂಟು, ಪುರೋಹಿತನಿಲ್ಲ, ಮಾತುಂಟು, ಆಡಂಬರವಿಲ್ಲ. ಆದರೆ ಕರ್ನಾಟಕದಲ್ಲಿ 7-ಎಯಂಥ ವಿಧಿಯಿಲ್ಲ. ಶಾಸನವು ಬೇಡುವ ಸಂಸ್ಕಾರ ನಡೆಯದಿದ್ದಲ್ಲಿ ನೋಂದಣಿಯೊಂದೇ ಹಿಂದೂ ವಿವಾಹವನ್ನು ಸಿಂಧುಗೊಳಿಸಲಾರದೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಹೇಳಿದೆ. ಆದ್ದರಿಂದ ಅಲ್ಲಿ ಸಂಶಯಕ್ಕೆ ಎಡೆಗೊಡಲೊಲ್ಲದವರಿಗೆ 1954ರ ವಿಶೇಷ ವಿವಾಹ ಅಧಿನಿಯಮವೇ ಭದ್ರವಾದ ದಾರಿ. ಮೂವತ್ತು ದಿನಗಳ ಪೂರ್ವಸೂಚನೆ, ಮೂವರು ಸಾಕ್ಷಿಗಳು, ಪರಸ್ಪರ ಸ್ವೀಕಾರದ ಮಾತು, ಕೊನೆಗೆ ಸಹಿ: ಇದರ ಅಂಗಗಳು ಕ್ವೇಕರರ ಕ್ರಮವನ್ನೇ ನೆನಪಿಗೆ ತರುತ್ತವೆ.

ಇವುಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಮಾತು, ಸಾಕ್ಷಿ, ಲೇಖ ಎಂಬ ಮೂರು ಆಧಾರಗಳು ಕಾಣುತ್ತವೆ. ಕ್ವೇಕರರು ಮೂರನ್ನೂ ಒಂದೇ ದಿನದಲ್ಲಿ ಹೆಣೆದರು. 7-ಎ ವಿಧಿಯು ಮೊದಲ ಎರಡನ್ನು ಗುರುತಿಸಿತು. ಮೂರನೆಯದನ್ನು 2009ರ ತಮಿಳುನಾಡು ವಿವಾಹ ನೋಂದಣಿ ಅಧಿನಿಯಮವು 90 ದಿನಗಳ ಅವಧಿಯೊಡನೆ ಕಡ್ಡಾಯಗೊಳಿಸಿತು. ಮಾತಿನ ಪಾವಿತ್ರ್ಯವನ್ನು ನಂಬಿದ ಸುಧಾರಕರು ಲೇಖವನ್ನು ಗೌಣವೆಂದೆಣಿಸುವುದುಂಟು. ಆದರೆ ವಿವಾದದ ದಿನ ಸಾಕ್ಷಿಗಳು ಚದುರಿರುತ್ತಾರೆ, ಮಾತು ಗಾಳಿಗೆ ಹೋಗಿರುತ್ತದೆ. ವಿಧವೆಯ ಕೈಯಲ್ಲಿ ಉಳಿಯುವುದು ಕಾಗದವೊಂದೇ. ಚೆನ್ನೈಯಲ್ಲಿ ಕನ್ನಡ ವಧೂವರರು ಕನ್ನಡದಲ್ಲಿಯೇ ಆಡುವ ಒಪ್ಪಿಗೆಯ ಮಾತಿಗೆ ಶಾಸನದ ಮನ್ನಣೆಯುಂಟು. ಆ ಮಾತನ್ನು ಬರೆದಿಡುವುದು ಅದನ್ನು ಕೇಳಿದವರೆಲ್ಲರ ಹೊಣೆ.